ಎರಡು ನಂಬರಿನ ಮನೆ

ಊರಾಚೆಯ ಹೊಸ ಬಡಾವಣೆಯಲ್ಲಿ ಸೊಪ್ಪು ಮಾರುವ ಚೆಲುವಿಯ ಮನೆಗೆ ಎರಡು ನಂಬರು. ಪಂಚಾಯಿತಿಯವರು ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಬರೆದು ಹೋಗಿದ್ದರು, ನಗರಸಭೆಯವರು ಪಕ್ಕದಲ್ಲೇ ನೀಲಿ ತಗಡು ಹೊಡೆದಿದ್ದರು. ಈ ಬಡಾವಣೆ ನಮ್ಮದು, ನಮ್ಮದು ಎಂದು ಕಿತ್ತಾಡುತ್ತಲೇ ಇಬ್ಬರೂ ಕಂದಾಯ ಕಟ್ಟಿಸಿಕೊಂಡರು. ಮನೆ ಪಕ್ಕದ ತೆರೆದ ಚರಂಡಿಗೆ ಚಪ್ಪಡಿ ಹಾಕಿಸಿ ಎಂದು ಕೇಳಿದರೆ ಮಾತ್ರ, ಅದು ಅವರದು ಎಂದು ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಿದ್ದರು.

ಮೊನ್ನೆಯ ಮಳೆಯಲ್ಲಿ ಅವಳ ನಾಲ್ಕು ವರ್ಷದ ಮಗಳು ಆ ಚರಂಡಿಗೆ ಬಿದ್ದು ತೀರಿಕೊಂಡಳು.

ಹಾಲುತುಪ್ಪ ಮುಗಿದ ಮಾರನೆಯ ದಿನ ಎರಡೂ ಕಚೇರಿಯವರು ಸರ್ವೇಯರನ್ನು ಕರೆದುಕೊಂಡು ಬಂದರು.

"ಇದು ನಿಮ್ಮ ಸರಹದ್ದು ಸ್ವಾಮಿ, ನಾನು ಮೊದ್ಲೇ ಹೇಳಿದ್ನಲ್ಲ," ಎಂದರು ಪಂಚಾಯಿತಿಯ ಅಧಿಕಾರಿ.

"ಕಂದಾಯ ಈಸ್ಕೊಳ್ಳೋವಾಗ ನಿಮ್ಮದಾಗಿತ್ತಲ್ರೀ?" ನಗರಸಭೆಯ ಇಂಜಿನಿಯರು ಹಂಗಿಸಿದರು.

"ನಾವ್ ಕಂದಾಯ ಕೊಡೋವಾಗ ಇಬ್ರೂ ಅಪ್ಪಂದಿರು, ಈಗ ಒಬ್ರೂ ಇಲ್ಲ," ಎಂದು ಎದುರು ಮನೆಯ ಅಜ್ಜಿ ಗೊಣಗಿದಳು.

ಚೆಲುವಿ ಹೊಸ್ತಿಲ ಮೇಲೆ ಕುಳಿತಿದ್ದಳು. "ಪರಿಹಾರ ಗಿರಿಹಾರ ಏನೂ ಬ್ಯಾಡ ಕಣ್ರಪ್ಪ. ನನ್ ಕೂಸ್ನ ನುಂಗಿದ್ದು ಯಾರ ಚರಂಡಿ ಅಂತ ಒಂದ್ ಮಾತು ಹೇಳ್ಬುಡಿ. ಅವರ ಬಾಗಿಲಲ್ಲಿ ಕೂತು ಅತ್ತು ಬತ್ತೀನಿ."

ಸರ್ವೇಯರು ಕಲ್ಲಿನಿಂದ ಕಲ್ಲಿಗೆ ಸರಪಳಿ ಹಿಡಿದು ಅಳೆದ. ನಂಬಿಕೆ ಬರದೆ ಇನ್ನೊಮ್ಮೆ ಅಳೆದ. ಅಧಿಕಾರಿಗಳಿಬ್ಬರೂ ನಕ್ಷೆಯ ಮೇಲೆ ಬಗ್ಗಿ ನೋಡಿದರು. ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟರು.

ಸರ್ವೇಯರು ಮಾತ್ರ ತಲೆ ಎತ್ತಲಿಲ್ಲ.

"ಇವರಿಬ್ರದೂ ಅಲ್ಲ ಕಣವ್ವ. ಚರಂಡಿ ನಿನ್ನ ಸೈಟಿನೊಳಗೇ ಐತೆ."