ಒಂದು ಚೂರು

ತೂಕದ ಯಂತ್ರದಿಂದ ಅವಳು ಕೆಳಗಿಳಿಯುವ ಮೊದಲೇ ಗಂಡ ಬಾಯಿ ಹಾಕಿದ. "ಮಂಡಿ ನೋವು ಅಂತಾಳೆ ಮೇಡಂ. ನೋಯದೆ ಇನ್ನೇನು? ನಮ್ಮದು ಬೇಕರಿ. ಹಿಟ್ಟು ನಾದಿದ್ರೆ ಅದರಲ್ಲೊಂದು ಚಿಟಿಕೆ, ಬ್ರೆಡ್ಡು ಬೆಂದ್ರೆ ಅದರಲ್ಲೊಂದು ಚೂರು. ಇಪ್ಪತ್ತೆರಡು ವರ್ಷದಿಂದ ಇವಳ ಬಾಯಿಗೆ ಬೀಗಾನೇ ಇಲ್ಲ!"

ಬೀದಿಯವರೆಲ್ಲ ಡಯಟ್ ಮೇಡಂ ಎಂದೇ ಕರೆಯುವ ಆಕೆ ಹಾಳೆ ಎಳೆದುಕೊಂಡು ವಯಸ್ಸು, ಎತ್ತರ, ತೂಕ ಬರೆದಳು. "ಕೆಲಸ?"

"ಅವಳಿಗೇನು ಕೆಲಸ? ಅಂಗಡೀಲಿ ಕೂತಿರ್ತಾಳೆ."

'ಕೂತಿರುವುದು' ಎಂದು ಮೇಡಂ ಬರೆದದ್ದು ಮೇಜಿನ ಈಚೆಗಿದ್ದ ಅವಳಿಗೆ ತಲೆಕೆಳಗಾಗಿಯೂ ಸ್ಪಷ್ಟವಾಗಿ ಕಂಡಿತು. "ಕಾರ್ಬೋಹೈಡ್ರೇಟ್ ಅಂದ್ರೆ ಹೆದರಬೇಡಿಮ್ಮ. ಕಾಳು, ಹಣ್ಣು, ತರಕಾರಿ, ತೌಡು ತೆಗೆಯದ ಧಾನ್ಯ, ಎಲ್ಲ ತಿನ್ನಿ. ಮೈದಾ, ಸಕ್ಕರೆ ಬಿಡಿ. ಬ್ರೆಡ್ಡಂತೂ ಒಂದು ಚೂರೂ ಕೂಡದು."

ಮೇಡಂ ಇದನ್ನೆಲ್ಲ ಬರೆದುಕೊಟ್ಟ ಹಾಳೆಯನ್ನು ಅವಳು ಅಂಗಡಿಯ ಗೋಡೆಗೇ ಅಂಟಿಸಿದಳು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವುದು ಅವಳ ಹುಟ್ಟುಗುಣ. ಡಬ್ಬಿಯಲ್ಲಿ ಬೇಯಿಸಿದ ಕಾಳು ತಂದಳು, ಸೌತೆಕಾಯಿ ಕಚ್ಚಿದಳು. ಎರಡನೆಯ ದಿನ ಹಿಟ್ಟಿನ ಬಾನಿಯ ಹತ್ತಿರ ಕೈ ತಾನಾಗಿಯೇ ಮುಂದೆ ಹೋಯಿತು. ಗಂಡ ಬೇಕೆಂದೇ ಕೆಮ್ಮಿದ. ಅವಳು ಬೆರಳುಗಳನ್ನು ಏಪ್ರನ್ನಿಗೆ ಒರೆಸಿಕೊಂಡಳು.

"ಉಪ್ಪು ಸಾಕಾಯ್ತಾ ಅಂತ..."

"ನಂಗೆ ಹೇಳಿಕೊಡ್ತೀಯಾ? ಬಾಯಿ ಚಪಲಕ್ಕೆ ನೂರು ನೆಪ!"

ಆಮೇಲೆ ಅವಳು ಬಾನಿಯತ್ತ ಕೈ ಚಾಚಲಿಲ್ಲ. ಮೂರು ವಾರಕ್ಕೆ ಮೂರು ಕಿಲೋ ಇಳಿದಳು. ಉಗ್ರಾಣದ ಮೆಟ್ಟಿಲನ್ನು ಗೋಡೆ ಹಿಡಿಯದೆ ಹತ್ತಿದ ದಿನ ಅವಳಿಗೆ ತನ್ನ ಕಾಲುಗಳ ಮೇಲೇ ಪ್ರೀತಿ ಬಂತು. ಅದೇ ಮೂರು ವಾರದಲ್ಲಿ ಅಂಗಡಿಯ ಕಪಾಟುಗಳಲ್ಲಿ ಸಂಜೆಗೆ ಬ್ರೆಡ್ಡು ಉಳಿಯತೊಡಗಿತು. ಗಂಡ ಒಂದು ದಿನ ಮೈದಾ ತಂದುಕೊಟ್ಟವನನ್ನು ಬೈದ, ಒಂದು ದಿನ ಈಸ್ಟನ್ನು, ಒಂದು ದಿನ ಹವೆಯನ್ನು. ಸಿಗರೇಟಿಗೆ ಮರಗಟ್ಟಿದ ತನ್ನ ನಾಲಿಗೆಯನ್ನು ಮಾತ್ರ ಬೈಯಲಿಲ್ಲ.

ಶನಿವಾರ ಬೆಳಿಗ್ಗೆ ಡಯಟ್ ಮೇಡಂ ಅರ್ಧ ತಿಂದ ಬ್ರೆಡ್ಡನ್ನು ತಂದು ಕೌಂಟರಿನ ಮೇಲೆ ಕುಕ್ಕಿದಳು. "ಏನ್ರೀ ಆಗಿದೆ ನಿಮಗೆ? ಸೋಮವಾರ ಹುಳಿ, ಬುಧವಾರ ಸಪ್ಪೆ, ಇವತ್ತು ಒಳಗೆಲ್ಲ ಹಸಿ ಹಿಟ್ಟು! ಹತ್ತು ವರ್ಷದಿಂದ ದಿನಾ ತಿಂತಾ ಇದೀನಿ, ಒಂದು ದಿನಾನೂ..." ಗೋಡೆಯ ಹಾಳೆ, ಅದರ ಪಕ್ಕದಲ್ಲಿ ಸೌತೆಕಾಯಿ ಹಿಡಿದು ನಿಂತವಳು ಕಣ್ಣಿಗೆ ಬಿದ್ದದ್ದೇ ದನಿ ಇಳಿಯಿತು. "ಅಂದ್ರೆ, ನಮ್ಮ ಮನೆಯವರು ತಿಂತಾರೆ."

ಗಂಡ ಒಂದು ತುಂಡು ಮುರಿದು ಅಗಿದ. "ಸರಿಯಾಗೇ ಇದೆಯಲ್ಲ?" ಎಂದ. ಮೇಡಂ ಮುಖ ನೋಡಿದ. ಮತ್ತೆ ಅಗಿದ. ಆಮೇಲೆ ಇನ್ನೊಂದು ಚೂರು ಮುರಿದು, ಮದುವೆಯಾದಂದಿನಿಂದ ಮಾಡದ ಕೆಲಸ ಮಾಡಿದ. ಹೆಂಡತಿಯ ತುಟಿಯ ಹತ್ತಿರ ಹಿಡಿದ.

"ನೀನೊಂದು ಸ್ವಲ್ಪ ನೋಡೇ."

"ಕೂಡದು ಅಂತ ಬರೆದಿದೆಯಲ್ರೀ," ಎಂದಳು ಅವಳು. ಬಾಯಿ ಅದಕ್ಕಿಂತ ಹೆಚ್ಚು ತೆರೆಯಲಿಲ್ಲ.

"ಅಯ್ಯೋ, ಒಂದು ಚೂರಿಗೆಲ್ಲ ಏನಾಗುತ್ತಮ್ಮ! ನಾನೇ ತಿದ್ದಿಕೊಡ್ತೀನಿ," ಎನ್ನುತ್ತ ಮೇಡಂ ಚೀಲದಿಂದ ಪೆನ್ನು ತೆಗೆದು ಗೋಡೆಯತ್ತ ಹೋಗಿ, ಬ್ರೆಡ್ಡಿನ ಸಾಲನ್ನು ಹುಡುಕಿದಳು.

"ಅಲ್ಲಲ್ಲ ಮೇಡಂ," ಎಂದು ಅವಳು ಬೆರಳನ್ನು ಹಾಳೆಯ ಮೇಲ್ತುದಿಗೆ ಒಯ್ದು, 'ಕೆಲಸ: ಕೂತಿರುವುದು' ಎಂಬಲ್ಲಿ ಇಟ್ಟಳು. "ಇಲ್ಲಿಂದ ಶುರು ಮಾಡಿ."