ಏಳನೇ ಮಳಿಗೆಯ ಕೊನೇ ಸೆಕೆಂಡು

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಸೊರಬದ ಬಸ್‌ಸ್ಟ್ಯಾಂಡಿನ ಏಳನೇ ಮಳಿಗೆಯ ಆನ್‌ಲೈನ್ ಹರಾಜು ಶುರುವಾಯಿತು. ಮುಗಿಯುವುದು ಹನ್ನೆರಡಕ್ಕೆ. ಅದೇ ಮಳಿಗೆಯೊಳಗೆ ಫೋನು ಹಿಡಿದು ಕೂತಿದ್ದ ಚನ್ನೇಶ ತನ್ನ ಬಲಗೈಯ ತೋರುಬೆರಳನ್ನು ಒರೆಯೊಳಗಿನ ಕತ್ತಿಯ ಹಾಗೆ ಕಂಕುಳಲ್ಲಿ ಇಟ್ಟುಕೊಂಡಿದ್ದ. ಅದು ಸಾಮಾನ್ಯ ಬೆರಳಲ್ಲ. ಹರಾಜಿನ ಆ್ಯಪ್‌ಗಳಲ್ಲಿ ಕೊನೇ ಸೆಕೆಂಡಿಗೆ ಸರಿಯಾಗಿ ಒತ್ತಿ ಮುನ್ನೂರಕ್ಕೆ ಮಿಕ್ಸಿ, ಎಂಟುನೂರಕ್ಕೆ ಸೈಕಲ್ಲು ಹೊಡೆದ ಬೆರಳು. ಇಡೀ ದೇಶದ ಹರಾಜುದಾರರು ಮೊದಲು ಶಿಕಾರಿಪುರದ ದಿಕ್ಕಿಗೆ ಕೈಮುಗಿದು ಆಮೇಲೆ ರೇಟು ಹಾಕುತ್ತಾರೆಂದು ಅವನೇ ಹೇಳಿಕೊಂಡಿದ್ದ. ಅಂಥ ಬೆರಳನ್ನು ಅವನ ಅಕ್ಕ ಜಗದಾಂಬ ಮೊದಲ ಬಸ್ಸಿಗೇ ಶಿಕಾರಿಪುರದಿಂದ ಕರೆಸಿಕೊಂಡಿದ್ದಳು.

ಜಗದಾಂಬ ಹನ್ನೊಂದು ವರ್ಷದಿಂದ ಆ ಮಳಿಗೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಜಡೆ, ಉಳವಿ ಕಡೆಯ ಹೆಂಗಸರು ಬಸ್ಸಿಳಿದು ನಾಲ್ಕು ಹೆಜ್ಜೆ ಇಟ್ಟರೆ ಅವಳ ಅಂಗಡಿ. ಐದನೇ ಹೆಜ್ಜೆಗೆ ಹೋದರೆ ಯಾರೂ ಹುಡುಕಿಕೊಂಡು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಕರಾರು ಮುಗಿದು ಮಳಿಗೆ ಹರಾಜಿಗೆ ಬಂದಿತ್ತು. ತಿಂಗಳ ಬಾಡಿಗೆ ಐದು ಸಾವಿರದಿಂದ ಶುರು, ಒಂಬತ್ತು ದಾಟಿದರೆ ಅವಳ ಕೈಲಾಗದು. ಠೇವಣಿ ಕಟ್ಟಿದವರು ಇಬ್ಬರೇ. ಒಬ್ಬಳು ಅವಳು, ಇನ್ನೊಬ್ಬ ಪಕ್ಕದ ಬೇಕರಿಯ ಹನುಮಂತಪ್ಪ.

ಹನುಮಂತಪ್ಪನಿಗೆ ದುಡ್ಡಿನ ಬರವಿರಲಿಲ್ಲ. ಆದರೆ ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಆ ಹೊತ್ತಿನಲ್ಲಿ ಅವನು ಹೊಸ ಬ್ರೆಡ್ಡಿಗೆ ಚಾಕು ಹಾಕುವುದಿಲ್ಲ, ಹೊಸ ಗಿರಾಕಿಗೆ ನಮಸ್ಕಾರ ಹೇಳುವುದಿಲ್ಲ, ಸೀನು ಬಂದರೂ ಮೂಗು ಹಿಡಿದು ಕೂರುತ್ತಾನೆ. ಹಾಗೆ ಕೂಡಿಟ್ಟ ಸೀನಿಗೆ ಒಮ್ಮೆ ನಿಂತ ಬಸ್ಸು ಒಂದು ಗೇಣು ಮುಂದೆ ಸರಿದಿತ್ತು. ಹರಾಜಿನ ವೇಳೆ ಗೊತ್ತಾದ ದಿನದಿಂದಲೇ ಅವನ ಮುಖ ಉಬ್ಬದ ಬನ್ನಿನ ಹಾಗಾಗಿತ್ತು.

“ಅವ್ನು ಹನ್ನೆರಡರ ತನಕ ಫೋನ್ ಮುಟ್ಟಲ್ಲ. ಈಗ್ಲೇ ಐದು ಸಾವ್ರಕ್ಕೆ ಒತ್ತಿಬಿಡು ಚನ್ನೇಶ, ಮುಗ್ದು ಹೋಗ್ತೈತಿ,” ಎಂದಳು ಜಗದಾಂಬ.

“ಒಂದು ತಾಸು ನಮ್ಮ ರೇಟು ಕಣ್ಣೆದುರಿಗಿದ್ರೆ ಅವ್ನು ರಾಹುನೂ ಬಿಡ್ತಾನೆ, ಕೇತುನೂ ಬಿಡ್ತಾನೆ. ಕೊನೇ ಎರಡು ಸೆಕೆಂಡಿಗೆ ಹೊಡೀತೀನಿ ನೋಡಕ್ಕ. ಉಸಿರೆತ್ತಾಕೂ ಟೈಮ್ ಇರಲ್ಲ.”

ಅವಳು ಹನ್ನೊಂದೂವರೆಗೆ ಮತ್ತೊಮ್ಮೆ ಹೇಳಿದಳು. ಕಾಲು ಗಂಟೆ ಇದ್ದಾಗ ಮಶೀನು ನಿಲ್ಲಿಸಿ ಮಗದೊಮ್ಮೆ ಹೇಳಿದಳು. ಬಾಡಿಗೆ ಕಟ್ಟುವವರಿಗೆ ರಾಹುಕಾಲ ಇರುವುದಿಲ್ಲ ಎಂದೂ ಹೇಳಿದಳು. ಚನ್ನೇಶ ಫ್ಯಾನು ಆರಿಸಿದ, ಗಾಳಿಗೆ ಬೆರಳು ಓಲಾಡಬಾರದೆಂದು.

ಹನ್ನೊಂದು ಗಂಟೆ ಐವತ್ತೊಂಬತ್ತು ನಿಮಿಷ ಐವತ್ತೆಂಟು ಸೆಕೆಂಡಿಗೆ ಬೆರಳು ಒರೆಯಿಂದ ಹೊರಬಂದು ಬಿತ್ತು. ಐದು ಸಾವಿರ. ಪರದೆಯ ಗಡಿಯಾರ ಸೊನ್ನೆಗೆ ಬಂತು. ಚನ್ನೇಶ ಎದ್ದು ನಿಂತು ಕಾಲರ್ ಸರಿಮಾಡಿಕೊಂಡ. ಆದರೆ ಹರಾಜು ಮುಗಿಯಿತು ಎಂದು ಬರಬೇಕಾದ ಜಾಗದಲ್ಲಿ ಒಂದು ಕೆಂಪು ಸಾಲು ಬಂತು: ಕೊನೆಯ ಐದು ನಿಮಿಷದಲ್ಲಿ ಬಿಡ್ ಬಂದ ಕಾರಣ ಅವಧಿಯನ್ನು ಹತ್ತು ನಿಮಿಷ ವಿಸ್ತರಿಸಲಾಗಿದೆ. ನಿಯಮಗಳ ಹದಿನಾಲ್ಕನೇ ಪುಟದಲ್ಲಿ ಇದು ಮೊದಲೇ ಇತ್ತು. ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನಲ್ಲಿ ಅದನ್ನು ಯಾರೂ ಓದಿರಲಿಲ್ಲ, ಟೈಪ್ ಮಾಡಿದವನೂ ಓದಿರಲಿಕ್ಕಿಲ್ಲ.

ಅಷ್ಟರಲ್ಲಿ ಗೋಡೆಯ ಆಚೆಯಿಂದ ಒಂದು ಭಾರೀ ಸೀನು ಕೇಳಿಸಿತು. ರಾಹುಕಾಲ ಮುಗಿದಿತ್ತು. ಸೋತದ್ದನ್ನು ಕಣ್ಣಾರೆ ನೋಡಿಬಿಡೋಣವೆಂದು ಫೋನು ತೆರೆದ ಹನುಮಂತಪ್ಪನಿಗೆ ಹತ್ತು ನಿಮಿಷ ಪುಕ್ಕಟೆ ಸಿಕ್ಕಿತ್ತು. ಐದೂವರೆ ಸಾವಿರ ಒತ್ತಿದ.

ಚನ್ನೇಶ ಕಸುಬು ಬಿಡಲಿಲ್ಲ. ಪ್ರತಿ ಸಲವೂ ಕೊನೇ ಎರಡು ಸೆಕೆಂಡಿಗೇ ಹೊಡೆದ. ಪ್ರತಿ ಸಲವೂ ಹನುಮಂತಪ್ಪನಿಗೆ ಮತ್ತೆ ಹತ್ತು ನಿಮಿಷ ಸಿಕ್ಕಿತು. ಅವನು ಆರಾಮಾಗಿ ಟೀ ಕುಡಿದು, ಬಾಯಿ ಒರೆಸಿಕೊಂಡು, ಐನೂರು ಏರಿಸಿದ. ಒಂಬತ್ತು ಸಾವಿರ ಚನ್ನೇಶನದು. ಒಂಬತ್ತೂವರೆ ಹನುಮಂತಪ್ಪನದು.

ಬೆರಳು ಮತ್ತೆ ಎದ್ದಿತು. ಜಗದಾಂಬ ಮಣಿಕಟ್ಟು ಹಿಡಿದಳು. ಉಳಿದ ನಿಮಿಷಗಳನ್ನು ಅಕ್ಕ ತಮ್ಮ ಇಬ್ಬರೂ ಪರದೆ ನೋಡುತ್ತ ಕಳೆದರು. ಹನ್ನೆರಡು ಐವತ್ತಕ್ಕೆ ಹರಾಜು ಮುಗಿಯಿತು.

“ಇನ್ನೊಂದೇ ಸೆಕೆಂಡ್ ತಡೆದು ಒತ್ತಿದ್ದಿದ್ರೆ ಅಕ್ಕಾ…” ಎಂದು ಚನ್ನೇಶ ಶುರುಮಾಡಿದ.

ಜಗದಾಂಬ ಮಶೀನಿನ ಡ್ರಾಯರಿನಿಂದ ಸ್ಕ್ರೂಡ್ರೈವರ್ ತೆಗೆದು ಅವನ ಕೈಗಿಟ್ಟಳು. ಬಾಗಿಲ ಮೇಲಿನ ತನ್ನ ಹೆಸರಿನ ಬೋರ್ಡು ತೋರಿಸಿದಳು.

“ಇದನ್ನಾದ್ರೂ ಈಗ್ಲೇ ಮಾಡು.”