ತಿಗರಿಯ ಮುಂದೆ ಕೂತವಳು

ಪಾರ್ಶ್ವವಾಯು ಹೊಡೆದು ಸಾವಂತ್ರವ್ವನ ಗಂಡನ ಬಲಗೈ ಸ್ವಾಧೀನ ತಪ್ಪಿ ತಿಂಗಳಾಗಿತ್ತು. ಡೈರಿ ಅಂಗಡಿಯವನಿಗೆ ಕೊಡಬೇಕಾದ ಮೊಸರಿನ ಕುಡಿಕೆಗಳಲ್ಲಿ ಒಂದೂ ತಯಾರಾಗಿರಲಿಲ್ಲ.

“ಹುಣ್ಣಿಮಿ ಒಳಗ ಕುಡಿಕಿ ಬರಲಿಲ್ಲಂದ್ರ ಪ್ಲಾಸ್ಟಿಕ್ ಡಬ್ಬಿ ತರಸ್ತೀನಿ. ಮತ್ತ ನಿಮ್ಮ ಮನಿ ಕಡೆ ಬರೂದಿಲ್ಲ,” ಎಂದು ಅವನು ಬೆಳಿಗ್ಗೆಯೇ ಹೇಳಿ ಹೋಗಿದ್ದ. ಕುಂಬಾರರ ಆ ಮನೆಗೆ ಉಳಿದಿದ್ದ ಗಿರಾಕಿ ಅವನೊಬ್ಬನೇ.

ಅತ್ತೆ ಹಿತ್ತಲಿಗೆ ಹೋದದ್ದನ್ನು ನೋಡಿ ಸಾವಂತ್ರವ್ವ ತಿಗರಿಯ ಮುಂದೆ ಕೂತಳು. ಹೆಂಗಸರು ಮಣ್ಣು ತುಳಿಯಬಹುದು, ಕುಡಿಕೆ ಒಣಗಿಸಬಹುದು, ಆದರೆ ತಿಗರಿ ಮುಟ್ಟಿದರೆ ಮನೆತನಕ್ಕೆ ಕೇಡು ಎಂದು ಮದುವೆಯಾಗಿ ಬಂದ ದಿನವೇ ಹೇಳಿದ್ದವಳು ಆ ಅತ್ತೆಯೇ.

ಚಕ್ರ ತಿರುಗಿತು. ಮಣ್ಣು ಎದ್ದು, ಓಲಾಡಿ, ಕುಸಿಯಿತು. ಮತ್ತೆ ಹಾಕಿದಳು, ಮತ್ತೆ ಕುಸಿಯಿತು. ಐದನೆಯ ಸಲ ಅವಳು ಮಣ್ಣಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು.

“ಏಳ ಮ್ಯಾಲೆ.”

ಬಾಗಿಲಲ್ಲಿ ಅತ್ತೆ ನಿಂತಿದ್ದಳು.

“ತಪ್ಪಾತ್ರಿ ಅತ್ತಿ. ನನಗ ಬ್ಯಾರೆ ದಾರಿ ಕಾಣಲಿಲ್ಲ. ನಿಮ್ಮ ಮಗಗ ಮಾತ್ರ ಹೇಳಬ್ಯಾಡ್ರಿ.”

“ಏಳಂದ್ನೆಲ್ಲ!”

ಸಾವಂತ್ರವ್ವ ಎದ್ದು ಗೋಡೆಗೆ ಒತ್ತಿಕೊಂಡು ನಿಂತಳು. ಮುದುಕಿ ಬಾಗಿಲ ಚಿಲಕ ಹಾಕಿದಳು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ತಿಗರಿಯ ಮುಂದೆ ಕೂತಳು. ನೋಡನೋಡುತ್ತ ಅವಳ ಬೆರಳುಗಳ ನಡುವೆ ಮಣ್ಣು ಎದ್ದು ಕುಡಿಕೆಯಾಯಿತು.

“ಅತ್ತಿ... ನಿಮಗ ಇದು ಹೆಂಗ...?”

“ನಿಮ್ಮ ಮಾವಗ ತಿಗರಿ ಎಂದೂ ಒಲೀಲಿಲ್ಲವ್ವಾ. ಇಪ್ಪತ್ತು ವರ್ಷ ಹಿಂಗ ಚಿಲಕಾ ಹಾಕ್ಕೊಂಡು ನಾನ ಮಾಡೀನಿ.”